ಹುಲುಗಮ್ಮ ನೀರು ಸುರಿದ ಒಲೆ

ನಮ್ಮ ಓಣಿಯಲ್ಲಿ ಹುಲುಗಮ್ಮನಿಗೆ ಹೆದರದವರೆಂದರೆ ಇನ್ನೂ ಹುಟ್ಟದವರು ಮಾತ್ರ. ಹುಟ್ಟಿದ ಮೇಲೆ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅವಳ ನೀಡಿದ ಕಾಲುಗಳ ಮೇಲೆ ಬೋರಲು ಮಲಗಿ, ಎಣ್ಣೆ ತಿಕ್ಕಿಸಿಕೊಂಡು, ಚೊಂಬಿನ ಮೇಲೆ ಚೊಂಬು ಬಿಸಿನೀರು ಹೊಯ್ಯಿಸಿಕೊಂಡು, ಜೊತೆಗೆ ಬೈಗುಳವನ್ನೂ ಕೇಳಬೇಕಿತ್ತು. ಹಗರಿಬೊಮ್ಮನಹಳ್ಳಿಯ ನಮ್ಮ ಕಡೆಯ ಐದಾರು ಓಣಿಗಳಲ್ಲಿ ಬಾಣಂತಿ, ಕೂಸುಗಳಿಗೆ ಎರೆಯುವುದು ಅವಳ ಕೆಲಸ. ಮೀಸೆ ತಿರುವಿಕೊಂಡು ಟ್ರ್ಯಾಕ್ಟರ್ ಓಡಿಸುವ ಗಂಡಸರೂ ಅವಳು ಎದುರು ಬಂದರೆ ಬೀಡಿ ಬಿಸಾಡುತ್ತಿದ್ದರು. "ನಿನ್ನ ಕುಂಡಿ ತೊಳದಾಕಿ ನಾನು, ನನ್ನ ಮುಂದ ಏನ್ ಬಿಗೀತಿಯೋ" ಎಂದು ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು ಅನ್ನಲೂ ಅವಳು ಹಿಂದೆಮುಂದೆ ನೋಡುವವಳಲ್ಲ.

ನನ್ನ ಮಗಳು ವಾಣಿಶ್ರೀ ಇವತ್ತು ಅಡುಗೆಮನೆಯಲ್ಲಿ ನನ್ನ ಜೊತೆ ಜಗಳಾಡುತ್ತಾಳೆಂದರೆ, ಅದು ಹುಲುಗಮ್ಮನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಟು ಕಟ್ಟಿಟ್ಟು ಕೊನೆಗೆ ಬಿಚ್ಚುವ ಸ್ವಭಾವ ನನ್ನದಲ್ಲ.

ನಮ್ಮ ಮನೆಯವರು ಗುರುಬಸವರಾಜ. ಸ್ಟೇಷನ್ ರಸ್ತೆಯಲ್ಲಿ ಅವರದು ಬ್ಯಾಟರಿ ಅಂಗಡಿ. ಟ್ರ್ಯಾಕ್ಟರ್, ಲಾರಿ, ಜೀಪುಗಳ ಬ್ಯಾಟರಿ ಚಾರ್ಜ್ ಮಾಡುವುದು, ಸತ್ತ ಬ್ಯಾಟರಿ ಕೊಳ್ಳುವುದು ಅವರ ವ್ಯವಹಾರ. ಸತ್ತವನ್ನು ಮನೆಯ ಹಿತ್ತಲಿಗೆ ತಂದು ಒಡೆಯುತ್ತಿದ್ದರು. ಒಳಗಿನ ಆಸಿಡ್ಡು ಚರಂಡಿಗೆ, ಸೀಸದ ಪ್ಲೇಟುಗಳು ಚೀಲಕ್ಕೆ. ತಿಂಗಳಿಗೊಮ್ಮೆ ಗುಜರಿ ಲಾರಿ ಬಂದು ಚೀಲಗಳನ್ನು ಒಯ್ಯುತ್ತಿತ್ತು. ಉಳಿಯುತ್ತಿದ್ದದ್ದು ಖಾಲಿ ಡಬ್ಬಿಗಳು. ಆಗಿನ ಡಬ್ಬಿಗಳು ಈಗಿನಂತೆ ಪ್ಲಾಸ್ಟಿಕ್ಕಿನವಲ್ಲ, ಕಲ್ಲಿನಷ್ಟು ಗಟ್ಟಿಯಾದ ಕಪ್ಪು ರಬ್ಬರಿನವು. ಅವನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಯಾರೂ ಕೊಳ್ಳದ ವಸ್ತುವನ್ನು ಸುಮ್ಮನೆ ಎಸೆದರೆ ನಮ್ಮ ಅತ್ತೆ ಕೊಟ್ರಬಸಮ್ಮನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಡಬ್ಬಿಯ ಚೂರುಗಳನ್ನು ಹತ್ತಿಕಟ್ಟಿಗೆಯ ಜೊತೆ ಬಚ್ಚಲ ಹಂಡೆಯ ಒಲೆಗೆ ಹಾಕಿ ನೋಡಿದರು. ಧಗಧಗ ಉರಿಯಿತು. ಎರಡು ಡಬ್ಬಿಗೆ ಒಂದು ಹಂಡೆ ನೀರು ಕುದಿಯುತ್ತಿತ್ತು. ಓಣಿಯ ಹೆಂಗಸರು ಮುಳ್ಳು ಚುಚ್ಚಿಸಿಕೊಂಡು ಜಾಲಿ ಕಟ್ಟಿಗೆ ಹೊತ್ತು ಬರುವಾಗ ಅತ್ತೆ ಬಾಗಿಲಲ್ಲಿ ನಿಂತು, "ನಮ್ಮ ಮನ್ಯಾಗ ನೀರಿಗೆ ಬರ ಬಂದರೂ ಬಿಸಿನೀರಿಗೆ ಬರ ಇಲ್ಲ ನೋಡ್ರೆವಾ" ಅನ್ನುತ್ತಿದ್ದರು. ಜಿಪುಣರೇನಲ್ಲ, ಕೇಳಿದವರಿಗೆಲ್ಲ ಡಬ್ಬಿ ಕೊಟ್ಟರು. ಒಟ್ಟು ಎಂಟು ಮನೆಗಳಲ್ಲಿ ನಮ್ಮ ಡಬ್ಬಿ ಉರಿಯುತ್ತಿದ್ದವು. ಹೊಗೆ ಕಪ್ಪಗೆ, ಗಂಟಲು ಕೆರೆಯುವಂತೆ ಬರುತ್ತಿತ್ತು. "ಸೊಳ್ಳಿ ಓಡಿಹೋಗತಾವ" ಎಂದು ಅದನ್ನೂ ಅತ್ತೆ ಲಾಭಕ್ಕೇ ಹಿಡಿದರು. ಆ ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದೆವು. ಹಾಲಿನ ಪಾತ್ರೆಯನ್ನೂ. ಅತ್ತೆ ಅದರಲ್ಲೇ ಹಲ್ಲುಜ್ಜುತ್ತಿದ್ದರು. ನಾನು ಪಿಯುಸಿ ಪಾಸಾದವಳು, ವಿಜ್ಞಾನದಲ್ಲಿ. ನನಗೂ ಏನೂ ಅನ್ನಿಸಲಿಲ್ಲ.

ವಾಣಿಯ ಬಾಣಂತನ ನನ್ನ ತವರು ನೀಲಗುಂದದಲ್ಲಿ ಆಗಿತ್ತು. ಎರಡನೆಯದರ ಹೊತ್ತಿಗೆ ನನ್ನ ಅವ್ವ ತೀರಿಕೊಂಡಿದ್ದಳು. ಹಾಗಾಗಿ ೧೯೯೭ರ ಸಂಕ್ರಾಂತಿಯ ಮಾರನೆಯ ವಾರ ಪ್ರವೀಣ ಹುಟ್ಟಿದಾಗ ಗಂಡನ ಮನೆಯಲ್ಲೇ ಬಾಣಂತನ, ಎರೆಯಲು ಹುಲುಗಮ್ಮ. ಮೊದಲ ದಿನವೇ ಬಚ್ಚಲಿಗೆ ಕಾಲಿಟ್ಟವಳು ಮೂಗು ಅರಳಿಸಿ ನಿಂತಳು.

"ಏನ್ ಉರಸ್ತೀರಿ ಅಮ್ಮಾರ ಇದು? ಕಟ್ಟಿಗಿ ಹೊಗಿ ಹಿಂಗ ನಾರಂಗಿಲ್ಲ."

"ನಿನಗ್ಯಾಕ ಬೇಕು ಹುಲುಗಿ? ನೀರು ಕಾದಾವ, ಎರಿ" ಅಂದರು ಅತ್ತೆ.

ವಯಸ್ಸಿನಲ್ಲಿ ಅತ್ತೆಗಿಂತ ದೊಡ್ಡವಳಾದರೂ ಅತ್ತೆಯ ಬಾಯಲ್ಲಿ ಅವಳು ಹುಲುಗಿಯೇ. ಅವಳು ಬಂದುಹೋಗುವುದು ಹಿತ್ತಲ ಬಾಗಿಲಿನಿಂದ. ಚಹಾ ಕೊಡುವುದು ಬಚ್ಚಲ ಕಟ್ಟೆಯ ಮೇಲೆ ಬೇರೆ ಇಟ್ಟ ಲೋಟದಲ್ಲಿ. ನಮ್ಮ ಕೂಸನ್ನು ಮುಟ್ಟಬಹುದು, ನಮ್ಮ ಲೋಟ ಮುಟ್ಟಬಾರದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ. ಹುಲುಗಮ್ಮ ಆವತ್ತು ಮತ್ತೇನೂ ಕೇಳಲಿಲ್ಲ. ಕೆಮ್ಮುತ್ತಲೇ ಎರೆದು ಹೋದಳು.

ಆ ಹೊತ್ತಿಗೆ ವಾಣಿಗೆ ಹೊಟ್ಟೆನೋವು ಶುರುವಾಗಿ ಎರಡು ತಿಂಗಳಾಗಿತ್ತು. ಮೂರು ತುಂಬದ ಮಗು. ಗೋಡೆ ಹಿಡಿದು ಬಗ್ಗಿ ನಿಂತು ನರಳುತ್ತಿದ್ದಳು. ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಪಟಪಟ ಮಾತಾಡುತ್ತಿದ್ದವಳ ಬಾಯಲ್ಲಿ ಕಲಿತ ಮಾತುಗಳೂ ಒಂದೊಂದಾಗಿ ಕಡಿಮೆಯಾಗುತ್ತಿದ್ದವು. ತಮ್ಮ ಬರುವ ಹೊತ್ತಿಗೆ ದೊಡ್ಡ ಕೂಸು ಹಠ ಮಾಡುವುದು ಇದ್ದದ್ದೇ ಎಂದು ಎಲ್ಲರೂ ಹೇಳಿದರು, ನಾವೂ ನಂಬಿದೆವು. ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆವು. ಜಂತುಹುಳದ ಔಷಧಿ ಕುಡಿಸಿದೆವು. ಊರ ಡಾಕ್ಟರು ಮೂರು ಸಲ ಸಿರಪ್ಪಿನ ಬಣ್ಣ ಬದಲಿಸಿದರು.

ಹದಿಮೂರನೆಯ ದಿನ ಹುಲುಗಮ್ಮ ಪ್ರವೀಣನಿಗೆ ಎರೆದು ನನ್ನ ಮಡಿಲಿಗೆ ಕೊಟ್ಟವಳು, ಮೂಲೆಯಲ್ಲಿ ಮುದುರಿ ಕೂತಿದ್ದ ವಾಣಿಯನ್ನು ಕರೆದಳು. ಕಾಲ ಮೇಲೆ ಅಂಗಾತ ಮಲಗಿಸಿ ಹೊಟ್ಟೆಗೆ ಔಡಲೆಣ್ಣೆ ಹಚ್ಚಿದಳು. ಮಗು ಚೀರಿತು.

"ಹೊಟ್ಟಿ ಹಲಗಿ ಆಗೈತಲ್ಲ ಸುಕನ್ಯಮ್ಮ! ಎಷ್ಟ್ ದಿನ ಆತು? ಎಲ್ಲಿ ಆಡತಾಳ ಇಕಿ?"

"ಹಿತ್ತಲದಾಗ, ಆ ಡಬ್ಬಿ ಒಟ್ಟೀವಲ್ಲ, ಅಲ್ಲೇ" ಅಂದೆ.

ಅಷ್ಟರಲ್ಲಿ ಚೀರಾಟ ಕೇಳಿ ಅತ್ತೆ ಬಂದರು. ಬೆರಳಲ್ಲಿ ಬೂದಿ, ಬಾಯ ತುಂಬ ನೊರೆ. ಉಗುಳಿ, ಬೈಯಲು ಬಾಯಿ ತೆರೆದರು. ಹುಲುಗಮ್ಮ ಆ ತೆರೆದ ಬಾಯಿಯನ್ನೇ ನೋಡುತ್ತಿದ್ದಳು.

"ಅಮ್ಮಾರ, ಇನ್ನಷ್ಟು ಬಾಯಿ ತೆಗೀರಿ."

"ಏನಂದಿ?"

"ಒಸಡು ನೋಡಬೇಕು, ಬಾಯಿ ತೆಗೀರಿ ಅಂದೆ."

ಅತ್ತೆಗೆ ಜೀವಮಾನದಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಆಶ್ಚರ್ಯಕ್ಕೆ ಬಾಯಿ ತಾನಾಗಿಯೇ ತೆರೆಯಿತು. ನಾನೂ ಕತ್ತು ಚಾಚಿ ನೋಡಿದೆ. ಹಲ್ಲುಗಳ ಬುಡದ ಉದ್ದಕ್ಕೂ, ಪೆನ್ನಿನಲ್ಲಿ ಎಳೆದಂತೆ, ಒಂದು ನೀಲಿ ಗೆರೆ. ಅದು ಬೂದಿಯ ಕಲೆ ಎಂದೇ ನಾನು ನಾಲ್ಕು ವರ್ಷದಿಂದ ತಿಳಿದಿದ್ದೆ.

ಹುಲುಗಮ್ಮ ಎದ್ದಳು. ಪಕ್ಕದಲ್ಲಿದ್ದ ತಣ್ಣೀರಿನ ಕೊಡ ಎತ್ತಿ ಉರಿಯುವ ಒಲೆಗೆ ಸುರಿದಳು.

ಬಾಣಂತಿ ಮನೆಯ ಒಲೆಗೆ ನೀರು ಹಾಕಬಾರದು. ಬಾಣಂತನ ಮುಗಿಯುವ ತನಕ ಆ ಒಲೆಯ ಕೆಂಡ ಆರಬಾರದು, ಅಲ್ಲಿಂದ ಬೆಂಕಿಯನ್ನು ಹೊರಗೆ ಕೊಡಲೂಬಾರದು. ನಮ್ಮ ಓಣಿಯ ಸೊಸೆಯರಿಗೆಲ್ಲ ಈ ನಿಯಮ ಕಲಿಸಿದವಳೇ ಹುಲುಗಮ್ಮ. ತಪ್ಪಿದವರ ಮಾನ ಹರಾಜು ಹಾಕಿದವಳೂ ಅವಳೇ. ಬಚ್ಚಲ ತುಂಬ ಬೂದಿ, ಹಬೆ ಎದ್ದು ನಾವ್ಯಾರೂ ಯಾರಿಗೂ ಕಾಣಲಿಲ್ಲ. ಅತ್ತೆಯ ದನಿ ಮಾತ್ರ ಕೇಳಿಸಿತು.

"ನನ್ನ ಮೊಮ್ಮಗನ ಒಲಿಗೆ ನೀರು ಹಾಕಿದೇನ! ಇನ್ನ ಕೂಸನ್ನ ಮುಟ್ಟಬ್ಯಾಡ. ನಡಿ ಹೊರಗ!"

"ಹೊಕ್ಕೀನಿ ಅಮ್ಮಾರ. ಇವತ್ತೊಂದಿನ ಆ ಡಬ್ಬಿ ಉರಸಬ್ಯಾಡ್ರಿ. ನಿಮ್ಮ ಕಾಲು ಹಿಡಿತೀನಿ" ಎಂದು ಹುಲುಗಮ್ಮ ನಿಜವಾಗಿಯೂ ಬಗ್ಗಿ ಅತ್ತೆಯ ಕಾಲು ಹಿಡಿದಳು. ಅವಳು ಯಾರ ಕಾಲನ್ನೂ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಕಾಲು ಕಿತ್ತುಕೊಂಡರು. ಹುಲುಗಮ್ಮ ಹೋದಳು. ಅವಳ ಪರವಾಗಿ ಒಂದು ಮಾತಾಡಬಹುದಿತ್ತು. ನಾನು ಆಡಲಿಲ್ಲ. ಕೂಸಿಗೆ ಹಾಲು ಕುಡಿಸುವ ನೆಪದಲ್ಲಿ ತಲೆ ತಗ್ಗಿಸಿ ಕೂತೆ.

ಮರುದಿನ ಬೆಳಿಗ್ಗೆ ವಾಣಿ ಏಳಲಿಲ್ಲ. ಕಣ್ಣು ತೆರೆದಿದ್ದವು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ನಮ್ಮ ಮನೆಯವರು ಅವಳನ್ನು ಹೆಗಲಿಗೆ ಹಾಕಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದರು. ಆಗ ಹುಲುಗಮ್ಮ ಬಂದಳು, ತಲೆಬಾಗಿಲಿನಿಂದಲೇ. ಜೊತೆಯಲ್ಲಿ ಅವಳ ಗಂಡ ಸುಂಕಪ್ಪ. ಅವನ ತೋಳು ಹಿಡಿದು ಎಳೆದುಕೊಂಡೇ ಬಂದಿದ್ದಳು. ಆ ಮನುಷ್ಯ ಮನೆಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಕುಡಿದು ಕುಡಿದು ಹಾಳಾದ ಎಂದು ಓಣಿಯಲ್ಲಿ ಹೇಳುತ್ತಿದ್ದರು, ಹುಲುಗಮ್ಮ ಅದನ್ನು ಯಾವತ್ತೂ ತಿದ್ದಿರಲಿಲ್ಲ.

"ಕೈ ನೀಡು" ಅಂದಳು ಗಂಡನಿಗೆ.

ಸುಂಕಪ್ಪ ಎರಡೂ ತೋಳು ಮುಂದೆ ಚಾಚಿದ. ಮಣಿಕಟ್ಟಿನಿಂದಾಚೆ ಹಸ್ತಗಳು ನೇತುಬಿದ್ದವು.

"ಎತ್ತು."

ಎತ್ತಲು ನೋಡಿದ. ಹಣೆಯ ಮೇಲೆ ಬೆವರು ಬಂತು, ಕೈ ಮೇಲೆ ಬರಲಿಲ್ಲ. ನಂತರ ಅವಳು ಹೇಳುವ ಮೊದಲೇ ಬಾಯಿ ತೆರೆದು ತೋರಿಸಿದ. ಅತ್ತೆಯ ಒಸಡಿನಲ್ಲಿದ್ದ ಗೆರೆಯೇ, ಇನ್ನೂ ದಪ್ಪವಾಗಿ.

"ನೋಡು ಗುರುಬಸಣ್ಣ" ಅಂದಳು ಹುಲುಗಮ್ಮ. "ಇವ ಕುಡಿದು ಹಿಂಗ ಆಗಿಲ್ಲ. ದೂರದ ಊರಾಗ ಹಳೇ ಬ್ಯಾಟರಿ ಕರಗಸೋ ಭಟ್ಟಿಗೆ ದುಡಿಯಾಕ ಹೋಗಿದ್ದ, ಆರು ವರ್ಷ. ಮೊದ್ಲು ಹೊಟ್ಟಿನೋವು ಬಂತು. ಆಮ್ಯಾಲೆ ಮಾತು ಕಡಿಮಿ ಆತು. ಆಮ್ಯಾಲೆ ಕೈ ಬಿದ್ದುವು, ಹನ್ನೊಂದು ವರ್ಷ ಆತು. ಸೀಸದ ಹೊಗಿ ಕುಡಿದಾನ ಅಂತ ದವಾಖಾನ್ಯಾಗ ಹೇಳಿದ್ರು, ಆಗಲೇ ತಡ ಆಗಿತ್ತು. ಆ ಹೊಗಿ ವಾಸನಿ ಇವನ ಅಂಗ್ಯಾಗ ಇರತಿತ್ತು, ಎಷ್ಟ್ ಒಗದ್ರೂ ಹೋಗತಿದ್ದಿಲ್ಲ. ಅದಾ ವಾಸನಿ ನಿಮ್ಮ ಬಚ್ಚಲದಾಗ ಬಂತು. ಹನ್ನೆರಡು ದಿನ ಅನುಮಾನ ಇಟ್ಕೊಂಡು ನಾನೂ ಸುಮ್ಮನಿದ್ದೆ. ನನ್ನದೂ ತಪ್ಪೈತಿ. ಈಗ ಕೂಸನ್ನ ದೊಡ್ಡ ದವಾಖಾನಿಗೆ ಒಯ್ಯಿ, ಸೀಸ ಅಂತ ಬಾಯಿಬಿಟ್ಟು ಹೇಳು. ಸಿರಪ್ ಕೊಟ್ರ ತಗೋಬ್ಯಾಡ."

ನಮ್ಮ ಮನೆಯವರಿಗೂ ಆರು ತಿಂಗಳಿನಿಂದ ಹೊಟ್ಟೆನೋವಿತ್ತು. ಗ್ಯಾಸು ಎಂದು ಸೋಡಾ ಕುಡಿಯುತ್ತಿದ್ದರು. ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ವಾಣಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನತ್ತ ಓಡಿದರು. ಅತ್ತೆ ಒಳಗೆ ಹೋಗಿ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತರು. ಹೊರಗೆ ಬಂದವರೇ ಚಪ್ಪಲಿ ಮೆಟ್ಟಿ ಮಗನ ಹಿಂದೆ ಓಡಿದರು. ಆ ಭಾರದ ದೇಹ ಓಡುವುದನ್ನು ಓಣಿ ಅವತ್ತೇ ಮೊದಲ ಸಲ ನೋಡಿತು, ಯಾರೂ ನಗಲಿಲ್ಲ.

ನಾನು ಹದಿನಾಲ್ಕು ದಿನದ ಬಾಣಂತಿ, ಹೊಸ್ತಿಲು ದಾಟುವಂತಿಲ್ಲ. ಕೂಸನ್ನು ಕಟ್ಟಿಕೊಂಡು ಅಲ್ಲೇ ಕೂತೆ. ಹುಲುಗಮ್ಮ ಸುಂಕಪ್ಪನನ್ನು ಮನೆಗೆ ಕಳಿಸಿದಳು. "ಒಬ್ಬನಾ ಹೊಕ್ಕಾನ ಬಿಡು, ಕಾಲು ನೆಟ್ಟಗದಾವ" ಎಂದು ನನ್ನ ಪಕ್ಕದಲ್ಲಿ ಕೂತಳು. ಹೊರಡು ಎಂದು ಅವಳಿಗೆ ಹೇಳುವವರು ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೂ ಅವಳು ಹೋಗುತ್ತಿರಲಿಲ್ಲ.

ಎಸ್‌ಟಿಡಿ ಬೂತಿನ ಪಾಲಣ್ಣ ಮಧ್ಯಾಹ್ನ ಓಡಿಬಂದು ಸುದ್ದಿ ಹೇಳಿದ. ಹರಪನಹಳ್ಳಿ ದಾಟುತ್ತಿದ್ದಂತೆ ಬಸ್ಸಿನಲ್ಲೇ ವಾಣಿಗೆ ಫಿಟ್ಸ್ ಬಂದಿತ್ತು. ಡ್ರೈವರ್ ಆಮೇಲೆ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ದಾವಣಗೆರೆಯ ಆಸ್ಪತ್ರೆಯ ಬಾಗಿಲಿಗೇ ಬಸ್ ಒಯ್ದನಂತೆ. ಆ ಪುಣ್ಯಾತ್ಮನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಅವನ ಹೊಟ್ಟೆ ತಣ್ಣಗಿರಲಿ. ಸೀಸ ಎಂಬ ಮಾತು ಕೇಳಿದ್ದೇ ಡಾಕ್ಟರು ಮೊಣಕಾಲಿನ ಎಕ್ಸ್‌ರೇ ತೆಗೆಸಿದರು, ಎಲುಬಿನ ತುದಿಯಲ್ಲಿ ಬಿಳಿ ಪಟ್ಟಿ ಕಂಡಿತು. ರಕ್ತ ಬೆಂಗಳೂರಿಗೆ ಹೋಯಿತು, ಇಂಜೆಕ್ಷನ್ ಬೆಂಗಳೂರಿನಿಂದ ಬಂತು. ಮುಂಚೆಯೇ ಕಾಯಿಲೆಯ ಹೆಸರು ಹೇಳಿದ್ದರಿಂದ ನಾಲ್ಕೈದು ದಿನ ಉಳಿಯಿತು, ಹುಡುಕುತ್ತ ಕೂತಿದ್ದರೆ ಈ ಮಗು ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಡಾಕ್ಟರು ನಮ್ಮ ಮನೆಯವರಿಗೆ ಹೇಳಿದರಂತೆ.

ಒಟ್ಟು ಹದಿನೆಂಟು ದಿನ. ಅಷ್ಟೂ ದಿನ ಹುಲುಗಮ್ಮ ನಮ್ಮ ಮನೆಯಲ್ಲಿದ್ದಳು. ನಾನು ಅತ್ತರೆ ಗದರುತ್ತಿದ್ದಳು. "ಅಳಬ್ಯಾಡ. ಒಂದು ಕೂಸನ್ನ ಅಲ್ಲಿ ಅವರು ನೋಡ್ಕೊಳ್ಳಲಿ, ಒಂದನ್ನ ಇಲ್ಲಿ ನಾವು ನೋಡ್ಕೊಳ್ಳೋಣು. ಹಾಲು ಬತ್ತಿದ್ರ ನಿನ್ನ ಸುಮ್ಮನ ಬಿಡಂಗಿಲ್ಲ." ಹಳೆಯ ಒಲೆ ಕೆಡವಿ, ದೂರದಲ್ಲಿ ಮೂರು ಕಲ್ಲು ಹೂಡಿ, ತನ್ನ ಮನೆಯ ಜಾಲಿ ಕಟ್ಟಿಗೆ ತಂದು ಅದಕ್ಕೆ ಹಾಕಿದಳು. ಬೂದಿಯನ್ನೂ ಹಿತ್ತಲ ಮೇಲ್ಮಣ್ಣನ್ನೂ ನೀರು ಚಿಮುಕಿಸಿ ಕೆರೆದು ಚೀಲಕ್ಕೆ ತುಂಬಿದಳು. ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಎರಡೆರಡು ಸಲ ತಿಕ್ಕಿದಳು.

ನಂತರ ಡಬ್ಬಿ ಕೊಂಡೊಯ್ದ ಎಂಟು ಮನೆಗಳಿಗೆ ಹೋದಳು. ಡಬ್ಬಿ ವಾಪಸು ಕೊಡಿ ಎಂದರೆ ಯಾರು ಕೊಡುತ್ತಾರೆ? ಪುಕ್ಕಟೆ ಸಿಕ್ಕ ಉರುವಲು. "ನಿನ್ನ ಮಾತು ಕೇಳಿ ಬಿಟ್ರ ನೀರು ಕಾಸಾಕ ಕಟ್ಟಿಗಿ ನೀ ತಂದು ಕೊಡ್ತಿಯೇನು?" ಎಂದು ಒಬ್ಬಳು ಕೇಳಿದಳಂತೆ. ಹುಲುಗಮ್ಮ ತಂದೇ ಕೊಟ್ಟಳು! ನನ್ನ ಕೂಸಿಗೆ ಎರೆದು, ಬಿಸಿಲೇರುವ ಮುಂಚೆ ಮಾಲವಿ ದಾರಿಯ ಜಾಲಿ ಪೊದೆಗಳಿಗೆ ಹೋಗಿ ಹೊರೆ ಕಡಿದು ತಂದು, ಹೊರೆ ಇಳಿಸಿ, ಡಬ್ಬಿ ಎತ್ತಿಕೊಂಡು ಬರುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು. ಬಂದಾಗ ಕೈಯಲ್ಲಿ ಮುಳ್ಳು ಇರುತ್ತಿದ್ದವು, ನಾನು ಸೂಜಿಯಿಂದ ತೆಗೆಯುತ್ತಿದ್ದೆ. ನನ್ನಿಂದ ಅವಳಿಗೆ ಆದ ಉಪಕಾರ ಅಷ್ಟೇ. ಎಂಟು ಮನೆಯ ಡಬ್ಬಿಗಳೂ ಬಂದು ನಮ್ಮ ಅಂಗಡಿಯ ಹಿಂದಿನ ಕೋಣೆ ಸೇರಿದವು.

ನಮ್ಮ ಮನೆಯವರು ಮತ್ತೆ ಬ್ಯಾಟರಿ ಒಡೆಯಲಿಲ್ಲ. ಒಡೆಯದ ಬ್ಯಾಟರಿಗೆ ಗುಜರಿಯವರು ಕಡಿಮೆ ಕೊಟ್ಟರೂ ಇಡಿಯಾಗಿಯೇ ಕಳಿಸಿದರು. ೨೦೦೧ರಲ್ಲಿ ಹಳೆಯ ಬ್ಯಾಟರಿಗಳನ್ನು ಒಪ್ಪಿಗೆ ಪಡೆದ ಕಾರ್ಖಾನೆಗೇ ಕಳಿಸಬೇಕೆಂದು ಸರ್ಕಾರದ ನಿಯಮ ಬಂತು. ಅವರು ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದಾಗ, ಓದಲು ಬಾರದ ಹುಲುಗಮ್ಮ ಏನು ಬರೆದಿದೆ ಎಂದು ಕೇಳಿ ತಿಳಿದು, "ನಾಕು ವರ್ಷ ತಡ ಆಗಿ ಬಂದಾರ ಸರ್ಕಾರದೋರು" ಅಂದಳು. ಆ ಮೇಲೆ ಅವಳಿಗೊಂದು ಚಟವೇ ಆಯಿತು. ತಾಮ್ರಕ್ಕಾಗಿ ವೈರು ಸುಡುವವರು, ಚಳಿಗೆ ಟಯರು ಹಚ್ಚುವವರು, ಕಸದ ಗುಂಡಿಗೆ ಬೆಂಕಿ ಇಡುವವರು, ಎಲ್ಲಿ ಕಪ್ಪು ಹೊಗೆ ಎದ್ದರೂ ಅಲ್ಲಿ ಹುಲುಗಮ್ಮ. ಹುಡುಗರು ಅವಳಿಗೆ ಹೊಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು. ಕೆಲವರು ಕೇಳಿದರು, ಹಲವರು ಕೇಳಲಿಲ್ಲ. ೨೦೦೬ರಲ್ಲಿ ಅವಳು ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಅರ್ಧಕ್ಕರ್ಧ ಅವಳ ಕಾಲ ಮೇಲೆ ಮಲಗಿ ಎರೆಸಿಕೊಂಡವರು.

ವಾಣಿ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ಲೆಕ್ಕದಲ್ಲಿ ಮೂವತ್ತೆಂಟು. ಉಳಿದದ್ದನ್ನು ಸೀಸ ತನ್ನ ಪಾಲಿಗೆ ಇಟ್ಟುಕೊಂಡಿತು. ನಿಧಾನ ಆಗುತ್ತಾಳೆ, ಕಾಯಿರಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಾದೆವು. ಮೂವತ್ತೆಂಟಕ್ಕೆ ಇಡೀ ಓಣಿಗೆ ಪೇಡೆ ಹಂಚಿದೆ. ನಕ್ಕವರೂ ಎರಡೆರಡು ತಿಂದರು.

ಆದರೆ ವಾಣಿ ಆಸ್ಪತ್ರೆಯಿಂದ ಬಂದ ದಿನದ್ದೊಂದು ಹೇಳುವುದಿದೆ. ಕಡ್ಡಿಯಾಗಿದ್ದಳು, ಸೊಂಟದ ತುಂಬ ಸೂಜಿಯ ಗಾಯ. ಬಂದವಳೇ "ಅವ್ವ, ಹಸಿವು" ಅಂದಳು. ಎರಡು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು. ನಾನು ಅನ್ನ ಕಲಸುತ್ತ ಅತ್ತುಬಿಟ್ಟೆ, ಆಗ ಹುಲುಗಮ್ಮ ಗದರಲಿಲ್ಲ. ಸದ್ದಿಲ್ಲದೆ ತನ್ನ ಮನೆಗೆ ಹೋಗಿಬಿಟ್ಟಳು.

ಸಂಜೆ ಅತ್ತೆ ಹೊಸ ಸೀರೆ, ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಮೊರದಲ್ಲಿಟ್ಟುಕೊಂಡು, "ನಡಿ" ಅಂದರು. ಬಾಣಂತಿ ಹೊರಗೆ ಹೋಗಬಾರದಲ್ಲ ಅಂದೆ. "ಎಲ್ಲಾ ನಿಯಮ ನಾನಾ ಮಾಡಿದ್ದು, ನಾನಾ ಮುರಿತೀನಿ, ನಡಿ" ಅಂದರು. ವಾಣಿಯನ್ನು ನಮ್ಮ ಮನೆಯವರು ಎತ್ತಿಕೊಂಡರು. ಅತ್ತೆ ಹುಲುಗಮ್ಮನ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹುಲುಗಮ್ಮ ಕೊಟ್ಟ ಚಹಾವನ್ನು ಅವಳ ಮನೆಯ ಲೋಟದಲ್ಲಿ, ನಾಲಿಗೆ ಸುಟ್ಟುಕೊಂಡು, ಒಂದೇ ಉಸಿರಿಗೆ ಕುಡಿದರು. ನಂತರ "ಹುಲುಗಮ್ಮ, ಸೆರಗು ಹಿಡಿಯವ್ವಾ" ಎಂದು ಉಡಿ ತುಂಬಿದರು.

ನಾನು ಅವಳ ಕೈ ಹಿಡಿದುಕೊಂಡೆ. "ನಿನ್ನಿಂದ ನನ್ನ ಮಗಳು ಉಳಿದ್ಲು ಹುಲುಗಮ್ಮ" ಅಂದೆ.

"ನನಗ್ಯಾಕ ಹೇಳ್ತಿ? ನನ್ನ ಮಾತು ನೀವು ಎಲ್ಲಿ ನಂಬಿದ್ರಿ? ನೀವು ನಂಬಿದ್ದು ಅವನ ಕೈ ನೋಡಿ. ಅವಗ ಹೇಳ್ರಿ."

ಸುಂಕಪ್ಪ ಕಟ್ಟೆಯ ಮೇಲೆ, ಕೈಗಳನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಕೂತಿದ್ದ. ನಮ್ಮ ಮನೆಯವರು ವಾಣಿಯನ್ನು ಅವನ ತೊಡೆಯ ಮೇಲೆ ಕೂರಿಸಿದರು. ಅವನು ಗಾಬರಿಯಾಗಿ ಕಂಬಳಿ ಸರಿಸಿದ. ಬೆರಳುಗಳಿಂದ ಹಿಡಿಯಲು ಆಗುತ್ತಿರಲಿಲ್ಲ, ಮೊಣಕೈಗಳಿಂದ ಅವಳನ್ನು ಬಳಸಿಕೊಂಡ. ನಾನು ಅವನಿಗೆ ಕೈಮುಗಿದೆ. ಅವನು ತನ್ನ ಹಸ್ತಗಳನ್ನು ನೋಡಿಕೊಂಡು, ಬಹಳ ದಿನದ ಮೇಲೆ ಮಾತಾಡುವವನಂತೆ ತಡವರಿಸುತ್ತ ಹೇಳಿದ.

"ಹನ್ನೊಂದು ವರ್ಷದಾಗ ಇವು ಮಾಡಿದ್ದು ಇದೊಂದಾ ಕೆಲಸ, ತಾಯಿ. ಚಲೋ ಕೆಲಸ ಮಾಡ್ಯಾವ."